ದೀರ್ಘಕಾಲಿಕ ಕಿಡ್ನಿ ಕಾಯಿಲೆ ಎಷ್ಟು ಜನರಿಗಿದೆ? ದೇಹಕ್ಕೆ ಏನು ಮಾಡುತ್ತದೆ?

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚಿದೆ ಎಂದು ವೈದ್ಯರು ಹೇಳಿದ ಕೂಡಲೇ ಬಹಳಷ್ಟು ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಡಯಾಲಿಸಿಸ್’. ಈ ಭಯ ಸಹಜ. ಆದರೆ ದೀರ್ಘಕಾಲಿಕ ಕಿಡ್ನಿ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಡಯಾಲಿಸಿಸ್ ಹಂತಕ್ಕೆ ಹೋಗುವುದೇ ಇಲ್ಲ. ಹಾಗೆಂದು ನಿಶ್ಚಿಂತರಾಗಿರುವಂತೆಯೂ ಇಲ್ಲ. ಆರಂಭದ ಹಂತಗಳಲ್ಲಿ ಈ ಕಾಯಿಲೆಯಿಂದ ಹೆಚ್ಚು ಅಪಾಯ ಇರುವುದು ಹೃದಯಕ್ಕೆ, ಅದೂ ಯಾವ ನೋವನ್ನೂ ಕೊಡದೆ.

ಯಾವುದನ್ನು ‘ದೀರ್ಘಕಾಲಿಕ’ ಎನ್ನುತ್ತಾರೆ?

ಕಿಡ್ನಿ, ಅಂದರೆ ಮೂತ್ರಪಿಂಡ, ರಕ್ತವನ್ನು ಸೋಸುವ ಅಂಗ. ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂಬ ಅಂದಾಜನ್ನು ವರದಿಗಳಲ್ಲಿ ‘ಇಜಿಎಫ್‌ಆರ್’ ಎಂದು ಬರೆದಿರುತ್ತಾರೆ. ಇದು 60ಕ್ಕಿಂತ ಕೆಳಗಿದ್ದರೆ, ಅಥವಾ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದ್ದರೆ, ಅಥವಾ ಸ್ಕ್ಯಾನಿಂಗ್‌ನಲ್ಲಿ ಕಿಡ್ನಿಗೆ ಹಾನಿಯಾಗಿರುವುದು ಕಂಡರೆ, ಮತ್ತು ಇದು ಮೂರು ತಿಂಗಳಿಗೂ ಹೆಚ್ಚು ಕಾಲ ಹಾಗೆಯೇ ಉಳಿದರೆ, ಅದನ್ನು ದೀರ್ಘಕಾಲಿಕ ಕಿಡ್ನಿ ಕಾಯಿಲೆ ಎನ್ನುತ್ತಾರೆ.

ಮೂರು ತಿಂಗಳು ಎಂಬ ಮಾತನ್ನು ಗಮನಿಸಿ. ವಾಂತಿ–ಭೇದಿಯಾಗಿ ದೇಹದ ನೀರು ಕಡಿಮೆಯಾದಾಗ, ಜ್ವರ ಬಂದಾಗ, ನೋವಿನ ಮಾತ್ರೆ ನುಂಗಿದಾಗ ಕ್ರಿಯಾಟಿನಿನ್ ತಾತ್ಕಾಲಿಕವಾಗಿ ಏರಬಹುದು. ಆದ್ದರಿಂದ ಒಂದೇ ವರದಿ ನೋಡಿ ಜೀವನಪೂರ್ತಿಯ ಕಾಯಿಲೆ ಎಂದು ತೀರ್ಮಾನಿಸುವುದು ಸರಿಯಲ್ಲ. ವೈದ್ಯರು ಹೇಳಿದ ದಿನಕ್ಕೆ ಪರೀಕ್ಷೆ ಮರಳಿ ಮಾಡಿಸದೆ ಬಿಡುವುದೂ ಸರಿಯಲ್ಲ. ಎರಡನೆಯದೇ ಹೆಚ್ಚಾಗಿ ನಡೆಯುವುದು.

ಇಜಿಎಫ್‌ಆರ್ ಆಧಾರದ ಮೇಲೆ ಐದು ಹಂತಗಳಿವೆ. 90 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಒಂದನೇ ಹಂತ, 60ರಿಂದ 89 ಎರಡನೇ ಹಂತ, 30ರಿಂದ 59 ಮೂರನೇ ಹಂತ, 15ರಿಂದ 29 ನಾಲ್ಕನೇ ಹಂತ, 15ಕ್ಕಿಂತ ಕಡಿಮೆ ಐದನೇ ಹಂತ. ಮೊದಲ ಎರಡು ಹಂತಗಳಲ್ಲಿ ಇಜಿಎಫ್‌ಆರ್ ಒಂದನ್ನೇ ನೋಡಿ ಕಾಯಿಲೆ ಎನ್ನಲಾಗದು. ಮೂತ್ರದಲ್ಲಿ ಅಲ್ಬುಮಿನ್ ಅಥವಾ ಬೇರೆ ಹಾನಿಯ ಗುರುತು ಇರಲೇಬೇಕು.

ಎಷ್ಟು ಜನರಿಗಿದೆ?

ಜಗತ್ತಿನಾದ್ಯಂತ ರೋಗಗಳ ಹೊರೆಯನ್ನು ಲೆಕ್ಕ ಹಾಕುವ ಅಧ್ಯಯನದ ಪ್ರಕಾರ 2017ರಲ್ಲಿ ಸುಮಾರು 69.75 ಕೋಟಿ ಜನರಿಗೆ, ಅಂದರೆ ಜಗತ್ತಿನ ಜನಸಂಖ್ಯೆಯ ಶೇ 9.1ರಷ್ಟು ಮಂದಿಗೆ ಈ ಕಾಯಿಲೆ ಇತ್ತು. ಅದರಲ್ಲಿ ಸುಮಾರು 11.5 ಕೋಟಿ ಜನ ಭಾರತದವರು. ಇದಕ್ಕಿಂತ ಹೆಚ್ಚು ರೋಗಿಗಳಿದ್ದದ್ದು ಚೀನಾದಲ್ಲಿ ಮಾತ್ರ. ನಮ್ಮ ದೇಶದ 13 ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ‘ಸೀಕ್’ ಸಮೀಕ್ಷೆಯಲ್ಲಿ, ತಪಾಸಣೆಗೆ ಬಂದವರ ಪೈಕಿ ಶೇ 17.2ರಷ್ಟು ಜನರಲ್ಲಿ ಈ ಕಾಯಿಲೆಯ ಗುರುತು ಕಂಡಿತು. ಅವರಲ್ಲಿ ಹೆಚ್ಚಿನವರು ಮೊದಲ ಮೂರು ಹಂತಗಳಲ್ಲಿದ್ದರು.

ಶೇ 9 ಎಲ್ಲಿ, ಶೇ 17 ಎಲ್ಲಿ? ಇಷ್ಟು ವ್ಯತ್ಯಾಸ ಏಕೆ ಎಂದು ನಿಮಗೆ ಅನಿಸಿರಬಹುದು. ಇದಕ್ಕೆ ಉತ್ತರ ನಮ್ಮ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ ಚೆನ್ನಾಗಿ ಕಾಣುತ್ತದೆ. ‘ಕಿಡ್ಸ್’ ಎಂಬ ಹೆಸರಿನ ಈ ಕಿಡ್ನಿ ತಪಾಸಣಾ ಯೋಜನೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಒಳಗಾದ ವಯಸ್ಕರು 2,091 ಮಂದಿ, ಸರಾಸರಿ ವಯಸ್ಸು 40ರ ಆಸುಪಾಸು. ಮೂತ್ರದಲ್ಲಿ ಪ್ರೋಟೀನ್ ಕಂಡದ್ದು ಶೇ 2.8 ಜನರಲ್ಲಿ. ಒಂದು ಸೂತ್ರದಿಂದ ಲೆಕ್ಕ ಹಾಕಿದಾಗ 131 ಜನರಿಗೆ, ಅಂದರೆ ಶೇ 6.3 ಮಂದಿಗೆ ಕಾಯಿಲೆ ಇದೆ ಎಂದಾಯಿತು. ಅದೇ ಜನ, ಅದೇ ರಕ್ತ. ಮತ್ತೊಂದು ಸೂತ್ರದಿಂದ ಲೆಕ್ಕ ಹಾಕಿದರೆ ಅದು ಶೇ 16.54ಕ್ಕೆ ಏರಿತು.

ಇದರಿಂದ ಸಮೀಕ್ಷೆಗಳೆಲ್ಲ ಸುಳ್ಳು ಎಂದಾಗುವುದಿಲ್ಲ. ಇಜಿಎಫ್‌ಆರ್ ನೇರವಾಗಿ ಅಳೆದ ಸಂಖ್ಯೆಯಲ್ಲ. ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನೆಲ್ಲ ಸೇರಿಸಿ ಮಾಡಿದ ಅಂದಾಜು. ಕೆಲವು ಸೂತ್ರಗಳಲ್ಲಿ ದೇಹದ ತೂಕವೂ ಸೇರುತ್ತದೆ. ನಮ್ಮ ಹಳ್ಳಿಗಳ ತೆಳ್ಳಗಿನ ಮೈಕಟ್ಟಿನವರಲ್ಲಿ ಆ ಒಂದು ಅಂಶವೇ ಲೆಕ್ಕವನ್ನು ಬಹಳ ಬದಲಿಸುತ್ತದೆ. ಜೊತೆಗೆ, ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಒಮ್ಮೆ ಮಾತ್ರ ಪರೀಕ್ಷಿಸುತ್ತಾರೆ. ಮೂರು ತಿಂಗಳ ನಂತರ ಮತ್ತೆ ನೋಡಿದರೆ ಕೆಲವರ ಫಲಿತಾಂಶ ಸರಿಯಾಗಿರುತ್ತದೆ. ಅತಿ ಕಡಿಮೆ ಅಂದಾಜನ್ನೇ ಹಿಡಿದರೂ ಹದಿನಾರು ವಯಸ್ಕರಲ್ಲಿ ಒಬ್ಬರು ಎಂದಾಯಿತು. ಅಪರೂಪದ ಕಾಯಿಲೆ ಅಂತೂ ಅಲ್ಲ.

ಎರಡು ಊರಿನ ವರದಿಗಳು ನಿಮ್ಮ ಕೈಯಲ್ಲಿದ್ದರೆ

ಶಿವಮೊಗ್ಗದ ಈ ಪಾಠ ಹೊರರಾಜ್ಯದಲ್ಲಿರುವ ಕನ್ನಡ ಕುಟುಂಬಗಳಿಗೆ ಹೆಚ್ಚು ಬೇಕಾದದ್ದು. ನೀವು ಕೋಲ್ಕತ್ತದ ಬಾಲಿಗಂಜ್‌ನಲ್ಲಿ ನೆಲೆಸಿದ್ದೀರಿ, ಊರಿನಲ್ಲಿದ್ದ ಅಮ್ಮ ಈಗ ನಿಮ್ಮ ಜೊತೆ ಇರಲು ಬಂದಿದ್ದಾರೆ ಎಂದುಕೊಳ್ಳಿ. ಊರಿನ ಲ್ಯಾಬಿನ ವರದಿಯಲ್ಲಿ ಇಜಿಎಫ್‌ಆರ್ 58, ಇಲ್ಲಿನ ವರದಿಯಲ್ಲಿ 51. ಕಿಡ್ನಿ ಇಷ್ಟು ಬೇಗ ಹದಗೆಟ್ಟಿತೇ ಎಂದು ಗಾಬರಿಯಾಗುವ ಮೊದಲು ಎರಡೂ ವರದಿಗಳಲ್ಲಿ ಕ್ರಿಯಾಟಿನಿನ್ ಎಷ್ಟಿದೆ, ಇಜಿಎಫ್‌ಆರ್‌ಗೆ ಯಾವ ಸೂತ್ರ ಬಳಸಿದ್ದಾರೆ ಎಂದು ನೋಡಿ. ಸೂತ್ರದ ಹೆಸರನ್ನು ಬಹುತೇಕ ಲ್ಯಾಬುಗಳು ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತವೆ. ಮುಂದಿನ ಪರೀಕ್ಷೆಗಳನ್ನು ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಹಳೆಯ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ವೈದ್ಯರಿಗೆ ತೋರಿಸಿ. ಒಂದು ದಿನದ ಸಂಖ್ಯೆಗಿಂತ ಎರಡು–ಮೂರು ವರ್ಷಗಳ ಏರಿಳಿತವೇ ಅವರಿಗೆ ಹೆಚ್ಚು ತಿಳಿಸುತ್ತದೆ.

ವರದಿಯಲ್ಲಿ ಕ್ರಿಯಾಟಿನಿನ್ ‘ನಾರ್ಮಲ್’ ಎಂದಿದ್ದರೆ ಸಾಲದು. 1.2 ಎಂಬ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಈಗ ಬಳಕೆಯಲ್ಲಿರುವ ಹೊಸ ಸೂತ್ರದಂತೆ 25 ವರ್ಷದ ಯುವಕನಿಗೆ ಇದು ಇಜಿಎಫ್‌ಆರ್ 86ರ ಸುಮಾರು. 70 ವರ್ಷದ ಅಮ್ಮನಿಗೆ 49ರ ಸುಮಾರು. ಯುವಕನಿಗೆ ಚಿಂತೆ ಬೇಡ. ಅಮ್ಮನಿಗೆ ಮೂರನೇ ಹಂತ ಇರಬಹುದು.

ಕೋಲ್ಕತ್ತದಲ್ಲಿ ಸರ್ಕಾರಿ ವ್ಯವಸ್ಥೆಯಲ್ಲಿ ತೋರಿಸಬೇಕೆಂದರೆ, ಊರಿನವರೆಲ್ಲ ‘ಪಿಜಿ’ ಎಂದು ಕರೆಯುವ ಎಸ್‌ಎಸ್‌ಕೆಎಂ ಆಸ್ಪತ್ರೆ ಬಾಲಿಗಂಜ್‌ನಿಂದ ದೂರವಿಲ್ಲ. ಅಲ್ಲಿ ಕಿಡ್ನಿ ವಿಭಾಗವಿದೆ. ಪೂರ್ವ ಭಾರತದ ಅಂಗಾಂಗ ಕಸಿ ಸಮನ್ವಯ ಕೇಂದ್ರ ‘ರೊಟ್ಟೊ’ ಇರುವುದೂ ಅಲ್ಲಿಯೇ. ಕರ್ನಾಟಕದಲ್ಲಾದರೆ ಬೆಂಗಳೂರಿನ ನೆಫ್ರೋ–ಯುರಾಲಜಿ ಸಂಸ್ಥೆ ಇದಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ. ಒಂದು ರಾಜ್ಯದ ಆರೋಗ್ಯ ಕಾರ್ಡು ಇನ್ನೊಂದು ರಾಜ್ಯದಲ್ಲಿ ನಡೆಯುತ್ತದೆ ಎಂದು ನಂಬಿಕೊಂಡು ಪ್ರಯಾಣ ಹೊರಡಬೇಡಿ. ಚಿಕಿತ್ಸೆ ಎಲ್ಲಿ ಎಂದು ನಿರ್ಧರಿಸುವ ಮೊದಲೇ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಕಾರ್ಡು ತೋರಿಸಿ ಕೇಳಿ.

ದೇಹಕ್ಕೆ ಏನಾಗುತ್ತದೆ?

ಹೃದಯದಿಂದಲೇ ಆರಂಭಿಸಬೇಕು. 2017ರಲ್ಲಿ ಜಗತ್ತಿನಲ್ಲಿ ಕಿಡ್ನಿ ಕಾಯಿಲೆಯಿಂದಲೇ ತೀರಿಕೊಂಡವರು ಸುಮಾರು 12 ಲಕ್ಷ. ಇದಲ್ಲದೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಾದ ಇನ್ನೂ ಸುಮಾರು 14 ಲಕ್ಷ ಸಾವುಗಳಿಗೆ ಕುಂದಿದ ಕಿಡ್ನಿಯೇ ಕಾರಣ ಎಂದು ಅದೇ ಅಧ್ಯಯನ ಅಂದಾಜಿಸಿತು. ಸೋಸುವ ಶಕ್ತಿ ಕುಗ್ಗಿದಂತೆ ಉಪ್ಪು ಮತ್ತು ನೀರು ದೇಹದಲ್ಲಿ ಉಳಿದು ಬಿಪಿ ಏರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ರಕ್ತನಾಳಗಳು ಗಡುಸಾಗುತ್ತವೆ. ‘ಹಾರ್ಟ್ ಅಟ್ಯಾಕ್‌ನಿಂದ ಹೋದರು’ ಎಂದು ನಾವು ಹೇಳುವವರಲ್ಲಿ ಎಷ್ಟೋ ಜನರ ಕಿಡ್ನಿಯನ್ನು ಯಾರೂ ಪರೀಕ್ಷಿಸಿಯೇ ಇರುವುದಿಲ್ಲ.

ಕೆಂಪು ರಕ್ತಕಣ ತಯಾರಿಸಲು ಬೇಕಾದ ಹಾರ್ಮೋನು ಕಿಡ್ನಿಯಲ್ಲಿ ಹುಟ್ಟುತ್ತದೆ. ಅದು ಕಡಿಮೆಯಾದಾಗ ರಕ್ತಹೀನತೆ ಬರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು. ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ. ವಿಟಮಿನ್ ಡಿ ಕೆಲಸ ಮಾಡುವ ರೂಪಕ್ಕೆ ಬರುವುದೂ ಕಿಡ್ನಿಯಲ್ಲಿ. ಆದ್ದರಿಂದ ಮೂಳೆಗಳು ದುರ್ಬಲವಾಗುತ್ತವೆ. ಮುಂದಿನ ಹಂತಗಳಲ್ಲಿ ಕಾಲು ಮತ್ತು ಕಣ್ಣಿನ ಸುತ್ತ ಊತ, ಮೈತುರಿಕೆ, ವಾಕರಿಕೆ, ಬಾಯಿರುಚಿ ಕೆಡುವುದು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಕಾಣಿಸುತ್ತವೆ. ಇವೆಲ್ಲ ತಡವಾಗಿ ಬರುವ ಲಕ್ಷಣಗಳು.

ತಡವಾಗುವುದೇ ನಮ್ಮ ದೇಶದ ದೊಡ್ಡ ಸಮಸ್ಯೆ. 52,273 ರೋಗಿಗಳ ವಿವರ ದಾಖಲಿಸಿ 2012ರಲ್ಲಿ ಪ್ರಕಟವಾದ ಭಾರತದ ಕಿಡ್ನಿ ಕಾಯಿಲೆ ನೋಂದಣಿಯ ಪ್ರಕಾರ, ಸುಮಾರು ಶೇ 48 ಮಂದಿ ತಜ್ಞರ ಬಳಿ ಬಂದಾಗಲೇ ಐದನೇ ಹಂತದಲ್ಲಿದ್ದರು. ಕಾರಣಗಳಲ್ಲಿ ಮೊದಲ ಸ್ಥಾನ ಸಕ್ಕರೆ ಕಾಯಿಲೆಗೆ, ಸುಮಾರು ಶೇ 31. ಅಧಿಕ ರಕ್ತದೊತ್ತಡ, ಕಿಡ್ನಿಯ ಸೋಸುಗಗಳ ಉರಿಯೂತ, ಕಲ್ಲು, ವಂಶಪಾರಂಪರ್ಯವಾಗಿ ಬರುವ ನೀರುಗುಳ್ಳೆಗಳ ಕಾಯಿಲೆ ಇತರ ಕಾರಣಗಳು. ಆಂಧ್ರದ ಉದ್ದಾನಂ ಪ್ರದೇಶದಲ್ಲಿ ಸಕ್ಕರೆಯೂ ಇಲ್ಲದ, ಬಿಪಿಯೂ ಇಲ್ಲದ ರೈತರಲ್ಲಿ ಈ ಕಾಯಿಲೆ ಹೆಚ್ಚಾಗಿದ್ದು, ಕಾರಣ ಇಂದಿಗೂ ಖಚಿತವಾಗಿಲ್ಲ.

ಸಕ್ಕರೆ ಕಾಯಿಲೆ ಇರುವವರ ಮನೆಯವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ವರ್ಷಗಟ್ಟಲೆ ಹೆಚ್ಚಿದ್ದ ಸಕ್ಕರೆ ತಾನಾಗಿಯೇ ಇಳಿಯತೊಡಗಿ, ಮಾತ್ರೆ ಅಥವಾ ಇನ್ಸುಲಿನ್ ಕಡಿಮೆ ಸಾಕಾಗುತ್ತಿದ್ದರೆ ‘ವಾಸಿಯಾಗುತ್ತಿದೆ’ ಎಂದು ಖುಷಿಪಡುವವರಿದ್ದಾರೆ. ಆದರೆ ಕಿಡ್ನಿ ದುರ್ಬಲವಾದಾಗ ಇನ್ಸುಲಿನ್ ದೇಹದಿಂದ ಬೇಗ ಹೊರಹೋಗುವುದಿಲ್ಲ. ಸಕ್ಕರೆ ಇಳಿಯುವುದಕ್ಕೆ ಅದೂ ಕಾರಣವಿರಬಹುದು. ಕೂಡಲೇ ಕ್ರಿಯಾಟಿನಿನ್ ನೋಡಿಸಿ.

ಮನೆಯ ಮೇಲಿನ ಹೊರೆ

ನಮ್ಮ ದೇಶದಲ್ಲಿ ಪ್ರತಿವರ್ಷ ಸುಮಾರು 2.2 ಲಕ್ಷ ಹೊಸ ರೋಗಿಗಳು ಕೊನೆಯ ಹಂತಕ್ಕೆ ತಲುಪುತ್ತಾರೆ ಎಂಬುದು 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭಿಸಿದಾಗ ಕೇಂದ್ರ ಸರ್ಕಾರ ಕೊಟ್ಟ ಅಂದಾಜು. ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಪ್ರತಿಸಲ ಸುಮಾರು ನಾಲ್ಕು ಗಂಟೆ. ಚಿಕಿತ್ಸೆ ಉಚಿತವಾಗಿ ಸಿಕ್ಕರೂ ಹೋಗಿಬರುವ ಖರ್ಚು, ಕೂಲಿ ತಪ್ಪುವುದು, ಜೊತೆಗೆ ಒಬ್ಬರು ಬರಬೇಕಾಗುವುದು ಇವೆಲ್ಲ ಉಳಿಯುತ್ತವೆ. ಖರ್ಚಿಗೆ ಹೆದರಿ ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರು ಬಹಳ. ಇನ್ನೊಂದು ಮಾತು: ಮನೆಯಲ್ಲಿ ಗಂಡಸಿಗೆ ಕಾಯಿಲೆ ಬಂದರೆ ಹೆಂಡತಿ ಅಥವಾ ತಾಯಿ ಕಿಡ್ನಿ ಕೊಡಲು ಮುಂದೆ ಬರುತ್ತಾರೆ. ಹೆಂಗಸಿಗೆ ಬಂದಾಗ ಕಸಿಯ ಮಾತೇ ಏಳದ ಮನೆಗಳಿವೆ. ನಿಮ್ಮ ಮನೆಯಲ್ಲಿ ಆ ಮಾತು ಏಳಲಿ.

ನಾಲ್ಕನೇ ಹಂತದಲ್ಲಿರುವವರು ಸಾಮಾನ್ಯವಾಗಿ ಬಳಸದ ಕೈಯ ರಕ್ತನಾಳಗಳನ್ನು ಕಾಪಾಡಿಕೊಳ್ಳಬೇಕು. ಬಲಗೈ ಬಳಸುವವರಿಗೆ ಅದು ಎಡಗೈ. ಮುಂದೆ ಡಯಾಲಿಸಿಸ್‌ಗೆ ಬೇಕಾಗುವ ಫಿಸ್ಟುಲಾವನ್ನು ಅಲ್ಲಿಯೇ ಮಾಡುತ್ತಾರೆ. ರಕ್ತ ತೆಗೆಯಲು, ಡ್ರಿಪ್ ಹಾಕಲು ಇನ್ನೊಂದು ಕೈಯನ್ನು, ಅದರಲ್ಲೂ ಮುಂಗೈಯ ಹಿಂಭಾಗವನ್ನು ಕೊಡಿ. ಇದನ್ನು ನರ್ಸ್‌ಗೆ ಹೇಳಲು ಸಂಕೋಚ ಬೇಡ.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು, ಏನನ್ನು ಬಿಡಬೇಕು?

ಸಕ್ಕರೆ ಕಾಯಿಲೆ, ಬಿಪಿ ಅಥವಾ ಹೃದಯದ ಕಾಯಿಲೆ ಇರುವವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ ಇದ್ದವರು, ವರ್ಷಗಳಿಂದ ನೋವಿನ ಮಾತ್ರೆ ನುಂಗುತ್ತಿರುವವರು ವರ್ಷಕ್ಕೊಮ್ಮೆಯಾದರೂ ಎರಡು ಪರೀಕ್ಷೆ ಮಾಡಿಸಬೇಕು: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಎರಡನೆಯದನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ, ಕೇಳಿ ಮಾಡಿಸಿ. ಈ ಅನುಪಾತ 30ಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಪ್ರೋಟೀನ್ ಸೋರಿಕೆ ತಗ್ಗಿಸುವ ಬಿಪಿ ಮಾತ್ರೆಗಳಿವೆ. ಡಾಪಾಗ್ಲಿಫ್ಲೋಜಿನ್ ತರಹದ ಮಾತ್ರೆಗಳು ಕಾಯಿಲೆಯ ವೇಗವನ್ನು ತಗ್ಗಿಸುತ್ತವೆ, ಅವುಗಳ ಬೆಲೆಯೂ ಈಗ ಇಳಿದಿದೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು.

ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಬಿಡಿ. ಲೇಬಲ್ ಇಲ್ಲದ ಪುಡಿ, ಭಸ್ಮ, ‘ಕ್ರಿಯಾಟಿನಿನ್ ಇಳಿಸುವ’ ಕಷಾಯಗಳನ್ನೂ ಬಿಡಿ. ಉಪ್ಪು ದಿನಕ್ಕೆ ಒಂದು ಚಹಾ ಚಮಚ, ಅಂದರೆ 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಜೊತೆಗೆ ಕೋಲ್ಕತ್ತದಲ್ಲಿದ್ದರೆ ಚನಾಚೂರ್, ಕಾಸುಂದಿಯನ್ನೂ ಆ ಲೆಕ್ಕಕ್ಕೆ ಸೇರಿಸಿ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ವೈದ್ಯರನ್ನು ಕೇಳದೆ ಬಳಸಬೇಡಿ. ಎಳನೀರಿಗೂ ಇದೇ ಮಾತು.

ಬಾಲಿಗಂಜ್‌ನ ಓದುಗರಿಗೆ ಒಂದು ಹಣ್ಣಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಂಗಾಳದಲ್ಲಿ ಉಪ್ಪು–ಖಾರ ಹಚ್ಚಿ ತಿನ್ನುವ ‘ಕಾಮ್ರಾಂಗಾ’ ನಮ್ಮ ಕರಾವಳಿಯ ಧಾರೆಹುಳಿ. ಕೆಲವೆಡೆ ಕಮರಾಕ್ಷಿ ಎನ್ನುತ್ತಾರೆ. ಕತ್ತರಿಸಿದರೆ ನಕ್ಷತ್ರದ ಆಕಾರ. ಇದರಲ್ಲಿರುವ ವಿಷಾಂಶವನ್ನು ಆರೋಗ್ಯವಂತ ಕಿಡ್ನಿ ಹೊರಹಾಕುತ್ತದೆ. ಕಿಡ್ನಿ ಕಾಯಿಲೆ ಇರುವವರಲ್ಲಿ ಅದು ಮೆದುಳಿಗೆ ಏರುತ್ತದೆ. ನಿಲ್ಲದ ಬಿಕ್ಕಳಿಕೆಯಿಂದ ಆರಂಭವಾಗಿ ಗೊಂದಲ, ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಹಣ್ಣಾಗಲಿ ರಸವಾಗಲಿ, ಒಂದು ಚೂರೂ ಬೇಡ.

ಯಾವಾಗ ತಡಮಾಡಬಾರದು?

ಮೂತ್ರ ತೀರಾ ಕಡಿಮೆಯಾದರೆ ಅಥವಾ ನಿಂತರೆ, ಮಲಗಿದಾಗ ಉಸಿರು ಕಟ್ಟಿದರೆ, ಕೈಕಾಲುಗಳಲ್ಲಿ ಇದ್ದಕ್ಕಿದ್ದಂತೆ ಬಲ ಇಲ್ಲವಾದರೆ ಅಥವಾ ಎದೆಬಡಿತ ಏರುಪೇರಾದರೆ, ಮಾತು ತಡಬಡಿಸಿ ಮಂಪರು ಕವಿದರೆ, ಬಿಕ್ಕಳಿಕೆ ಗಂಟೆಗಟ್ಟಲೆ ನಿಲ್ಲದಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಹೊರಡುವಾಗ ಕೊನೆಯ ಎರಡು ವರದಿ ಮತ್ತು ನುಂಗುತ್ತಿರುವ ಮಾತ್ರೆಗಳ ಎಲೆಗಳನ್ನೇ ಚೀಲದಲ್ಲಿ ಹಾಕಿಕೊಳ್ಳಿ. ಭಾಷೆ ಬಾರದ ಊರಿನಲ್ಲೂ ಔಷಧದ ಎಲೆ ನೋಡಿದರೆ ವೈದ್ಯರಿಗೆ ಬೇಕಾದದ್ದು ತಿಳಿಯುತ್ತದೆ.