ರೋಗಿಯ ತಲೆಯ ಕಡೆ ನಿಂತವರು

ರೋಗಿಯ ಹಾಸಿಗೆಯ ಸುತ್ತ ಎಲ್ಲಿ ನಿಂತರೆ ಅಪಾಯ ಹೆಚ್ಚು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ತಲೆಯ ಕಡೆ. ಉಸಿರು ಸೋಲುವಾಗ ಬಾಯಿ ತೆರೆಸಿ ಶ್ವಾಸನಾಳಕ್ಕೆ ಕೊಳವೆ ಇಳಿಸುವ ವೈದ್ಯರು ನಿಲ್ಲೋದು ಅಲ್ಲೇ. ಕಫ ಹೀರಿ ತೆಗೆಯುವ ನರ್ಸ್ ಅವರ ಪಕ್ಕದಲ್ಲೇ.

ಮುಂಬಯಿಗೆ ಈ ಅಪಾಯ ಹೊಸದಲ್ಲ. 1896ರ ಸೆಪ್ಟೆಂಬರ್‌ನಲ್ಲಿ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗ್ ಗುರುತಿಸಿದರು. ಗಡ್ಡೆಯ ಪ್ಲೇಗ್ ಹರಡುವುದು ಇಲಿಯ ಚಿಗಟದಿಂದ. ಶ್ವಾಸಕೋಶಕ್ಕಿಳಿದ ಪ್ಲೇಗ್ ಮಾತ್ರ ಕೆಮ್ಮಿನಿಂದಲೇ ಹರಡುತ್ತದೆ. ಗ್ರಾಂಟ್ ಮೆಡಿಕಲ್ ಕಾಲೇಜಿನ ಡಾ. ಚೈಲ್ಡ್ ಈ ಬಗೆಯನ್ನು ವಿವರಿಸಿದರು. ಅದೇ ಕಾಲೇಜಿನ ಡಾ. ಮ್ಯಾನ್ಸರ್ 1897ರ ಜನವರಿಯಲ್ಲಿ ಪ್ಲೇಗಿಗೆ ಬಲಿಯಾದರು.

ಮರುತಿಂಗಳೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮನೆ ಮನೆ ತಪಾಸಣೆಗೆ ಜನ ರೊಚ್ಚಿಗೆದ್ದರು. 1898ರ ಮಾರ್ಚ್‌ನಲ್ಲಿ ನಮ್ಮ ಜುಲಾಹಾ ನೇಕಾರರ ಮೊಹಲ್ಲಾದಿಂದಲೇ ಗಲಭೆ ಶುರುವಾಯಿತು. ಇನ್ನೊಂದು ಕಡೆ ಜಮಾತುಗಳು ತಮ್ಮವರಿಗಾಗಿ ಪ್ಲೇಗ್ ಆಸ್ಪತ್ರೆ ತೆರೆದವು. ಆಗಾ ಖಾನ್ ಎಲ್ಲರೆದುರು ಹಾಫ್ಕಿನ್ ಲಸಿಕೆ ಚುಚ್ಚಿಸಿಕೊಂಡರು. ಎರಡೂ ನಮ್ಮದೇ ಇತಿಹಾಸ, ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಬಾರದು. ಆರೈಕೆ ಮಾಡುವವರ ಮೇಲೆ ಕೈ ಮಾಡಿದರೆ ಶಿಕ್ಷೆ ಎಂಬ ಮಾತು ಆ ಕಾಯ್ದೆಗೆ ಸೇರಲು 2020ರ ಏಪ್ರಿಲ್ 22ರ ಸುಗ್ರೀವಾಜ್ಞೆವರೆಗೆ ಕಾಯಬೇಕಾಯಿತು.

ಅದೇ ತಿಂಗಳ ಆರಂಭದಲ್ಲಿ ಮುಂಬಯಿ ಸೆಂಟ್ರಲ್‌ನ ವೊಕಾರ್ಟ್ ಆಸ್ಪತ್ರೆಯ 26 ನರ್ಸ್‌ಗಳಿಗೆ, 3 ವೈದ್ಯರಿಗೆ ಕೋವಿಡ್ ತಗುಲಿ ಆಸ್ಪತ್ರೆಯನ್ನೇ ಸೀಲ್ ಮಾಡಿದರು. ಲೆಕ್ಕ ನೋಡಿ, ನರ್ಸ್‌ಗಳೇ ಹೆಚ್ಚು.

ವಿಜ್ಞಾನ ಏನು ಹೇಳುತ್ತದೆ? ಸಾರ್ಸ್ ಕಾಲದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ವಿಮರ್ಶೆಯೊಂದರ ಪ್ರಕಾರ, ಕೊಳವೆ ಹಾಕುವ ಕೆಲಸದಲ್ಲಿದ್ದವರಿಗೆ ಸೋಂಕಿನ ಸಂಭವ ಉಳಿದ ಸಿಬ್ಬಂದಿಗಿಂತ ಸುಮಾರು 6 ಪಟ್ಟು. 2020ರಲ್ಲಿ 17 ದೇಶಗಳಲ್ಲಿ ಕೋವಿಡ್ ರೋಗಿಗಳಿಗೆ ಕೊಳವೆ ಹಾಕಿದ 1,718 ಮಂದಿಯನ್ನು ಗಮನಿಸಿದಾಗ, ಹತ್ತರಲ್ಲಿ ಒಬ್ಬರಿಗೆ ಸೋಂಕು ಖಚಿತವಾಗಿತ್ತು ಅಥವಾ ಲಕ್ಷಣ ಕಂಡು ಪ್ರತ್ಯೇಕವಾಗಿರಬೇಕಾಯಿತು. ಆದರೆ ಅದೇ ವರ್ಷ ಬ್ರಿಸ್ಟಲ್‌ನ ಸಂಶೋಧಕರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಗಾಳಿಯ ಕಣಗಳನ್ನು ಎಣಿಸಿದರು. ಅರಿವಳಿಕೆ ಕೊಟ್ಟು ಕೊಳವೆ ಹಾಕುವಾಗ ಹೊಮ್ಮಿದ್ದಕ್ಕಿಂತ ಒಂದು ಕೆಮ್ಮಿನಲ್ಲಿ ಹೊಮ್ಮಿದ ಕಣಗಳೇ ಬಹಳ ಹೆಚ್ಚು!

ಅಂದರೆ ತಲೆಯ ಕಡೆ ನಿಂತವರ ಅಪಾಯ ಸುಳ್ಳಾಯಿತು ಅಂತಲ್ಲ. ಕೆಮ್ಮುವ ರೋಗಿಯ ಹತ್ತಿರ ಹೋಗುವ ಪ್ರತಿಯೊಬ್ಬರೂ ಆ ಅಪಾಯದೊಳಗಿದ್ದಾರೆ ಅಂತ. ಊಟ ಕೊಡುವ ಆಯಾ, ಹಾಸಿಗೆ ಬದಲಿಸುವ ವಾರ್ಡ್‌ಬಾಯ್, ನೆಲ ಒರೆಸುವವರು, ಎಲ್ಲರೂ. ಕೊಳವೆ ಹಾಕುವವರಿಗೆ ಮಾತ್ರ ಎನ್-95, ಉಳಿದವರಿಗೆ ತೆಳು ಮಾಸ್ಕ್ ಅನ್ನುವ ಲೆಕ್ಕ ಇಲ್ಲಿ ಮುರಿದುಬೀಳುತ್ತದೆ.

ಉರ್ದುವಿನಲ್ಲಿ ರೋಗಿಯ ಆರೈಕೆಗೆ ತೀಮಾರ್‌ದಾರಿ ಅಂತೀವಿ. ಆರೈಕೆ ಮಾಡುವವರ ಆರೈಕೆಗೆ ನಮ್ಮಲ್ಲಿ ಪದವೇ ಇಲ್ಲ. 2020ರ ಮಾರ್ಚ್ 22ರ ಸಂಜೆ ತಟ್ಟೆ ಬಡಿದೆವು, ಚಪ್ಪಾಳೆ ತಟ್ಟಿದೆವು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಒಂದು ಪ್ರಶ್ನೆ ಕೇಳಿ: ಈ ಆಯಾಗೆ ಒಳ್ಳೆಯ ಮಾಸ್ಕ್ ಕೊಟ್ಟಿದ್ದೀರಾ?