ಓಟಿ ಲೆಕ್ಕವೂ ಎಐ ಪಾಠವೂ

ಮೂಡಿಗೆರೆ, ಕಳಸ ಕಡೆಯ ಕಾಫಿ ಬೆಳೆಗಾರರಲ್ಲಿ ‘ಓಟಿ’ ಎಂಬ ಮಾತು ಗೊತ್ತಿಲ್ಲದವರು ಕಡಿಮೆ. ಒಣಗಿಸಿದ 50 ಕೆ.ಜಿ. ಚೆರಿ ಕಾಫಿಯ ಮೂಟೆಯಿಂದ ಸಿಪ್ಪೆ ಕಳೆದು ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎನ್ನುವುದೇ ಔಟ್‌ಟರ್ನ್, ಬಾಯಿಮಾತಿನಲ್ಲಿ ಓಟಿ. ಓಟಿ 26 ಬಂತು ಎಂದರೆ ಶೇ. 52. ವ್ಯಾಪಾರಿ ಮೂಟೆಗೆ ಕಟ್ಟುವ ಬೆಲೆ ಈ ಅಂಕಿಯ ಮೇಲೆ ನಿಂತಿರುತ್ತದೆ. ಶೇಕಡಾವಾರು ಲೆಕ್ಕ ಕಲಿಸಲು ಈ ಬೆಟ್ಟಗಳಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಇಡೀ ರಾಜ್ಯಕ್ಕೆ ಒಂದೇ ಆದ ಪಠ್ಯಪುಸ್ತಕದಿಂದ ಇದನ್ನು ನಿರೀಕ್ಷಿಸುವಂತಿಲ್ಲ. ಇದನ್ನು ತರಗತಿಗೆ ತರಬೇಕಾದವರು ಊರು ಬಲ್ಲ ಮೇಷ್ಟ್ರು, ಟೀಚರುಗಳೇ.

ಪಾಠಯೋಜನೆ, ಚಟುವಟಿಕೆ, ಪ್ರಶ್ನೆಪತ್ರಿಕೆ ಎಲ್ಲವನ್ನೂ ಕ್ಷಣದಲ್ಲಿ ಬರೆದುಕೊಡುವ ಎಐ ಈಗ ಫೋನಿಗೇ ಬಂದಿದೆ. ಅದನ್ನು ಬಳಸಲು ಶಿಕ್ಷಕರಿಗೆ ಹೇಗೆ ನೆರವಾಗಬೇಕು ಎಂಬ ಚರ್ಚೆಯೂ ಜೋರಾಗಿದೆ. ಆದರೆ ತರಗತಿಗೆ ಯಂತ್ರ ಬರುತ್ತಿರುವುದು ಇದೇ ಮೊದಲಲ್ಲ. ಕರ್ನಾಟಕದ ಶಾಲೆಗಳಲ್ಲಿ ಈ ಕತೆಗೆ ಐವತ್ತು ವರ್ಷ ತುಂಬಿದೆ.

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮ ತಲುಪಿತು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಬೆಳಗಿನ ಹೊತ್ತು ಮಕ್ಕಳಿಗೆ ಪಾಠ. ಜೊತೆಗೆ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ತರಬೇತಿ. ಉಪಗ್ರಹ ಕಾಲದ ಆ ಮೊದಲ ಪ್ರಯೋಗವೇ ಮಕ್ಕಳ ಜೊತೆ ಶಿಕ್ಷಕರನ್ನೂ ಗಮನದಲ್ಲಿ ಇಟ್ಟುಕೊಂಡಿತ್ತು ಎಂಬುದನ್ನು ಮರೆಯಬಾರದು. ಆದರೂ ಮಾತು ಒಂದೇ ದಿಕ್ಕಿನದು. ಪರದೆ ಹೇಳುತ್ತಿತ್ತು, ಹಳ್ಳಿ ಕೇಳುತ್ತಿತ್ತು.

2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಪಾಠ ಬರತೊಡಗಿತು. ಪ್ರಸಾರ ನಿಗದಿತ ವೇಳೆಯದು. ಹಿಂದಿನ ಬೆಂಚಿನ ಹುಡುಗನಿಗೆ ಅರ್ಥವಾಗಲಿಲ್ಲ ಎಂದು ಅದು ಕಾಯುವಂತಿರಲಿಲ್ಲ. ಅದೇ ದಶಕದಲ್ಲಿ ಆಕಾಶವಾಣಿಯಲ್ಲಿ ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’ ಎಂಬ ಪಾಠಗಳು ಬರುತ್ತಿದ್ದವು. ತಂತ್ರಜ್ಞಾನದ ಲೆಕ್ಕದಲ್ಲಿ ರೇಡಿಯೋ ಹಳೆಯ ಸಾಮಾನು. ಆದರೆ ಈ ಬಗೆಯ ಸಂವಾದಿ ಪಾಠದಲ್ಲಿ ಒಂದು ಜಾಣತನವಿತ್ತು: ರೇಡಿಯೋ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ. ಆ ಬಿಡುವಿನಲ್ಲಿ ಮಕ್ಕಳು ಉತ್ತರಿಸಬೇಕು, ಹಾಡಬೇಕು, ಟೀಚರು ಚಟುವಟಿಕೆ ನಡೆಸಬೇಕು. ಆ ಕೆಲವು ಕ್ಷಣ ತರಗತಿ ಪೂರ್ತಿ ಅವರದು.

ಯಂತ್ರವಿಲ್ಲದ ಇನ್ನೊಂದು ಪ್ರಯೋಗವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ರಿಷಿವ್ಯಾಲಿಯ ಮಾದರಿ ನೋಡಿ ಬಂದು, ತಾವೇ ಕೂತು ಕಲಿಕಾ ಕಾರ್ಡುಗಳನ್ನು ತಯಾರಿಸಿದರು. ಅದೇ ‘ನಲಿ-ಕಲಿ’. ಮುಂದೆ ಅದು ರಾಜ್ಯವಿಡೀ ಹರಡಿತು. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಕೂರಿಸಿಕೊಳ್ಳುವ ಮಲೆನಾಡಿನ ಪುಟ್ಟ ಶಾಲೆಗಳಿಗೆ ಈ ಪದ್ಧತಿ ಹೇಳಿ ಮಾಡಿಸಿದಂತಿತ್ತು. ಆರಂಭದ ಬಲ ಇದ್ದದ್ದು ಕಾರ್ಡಿನಲ್ಲಲ್ಲ, ಅದನ್ನು ಬರೆದು, ತಿದ್ದಿ, ಮತ್ತೆ ಬರೆದ ಕೈಗಳಲ್ಲಿ.

ಈ ಹಿನ್ನೆಲೆಯಲ್ಲಿ ‘ಶಿಕ್ಷಾ ಕೋಪೈಲಟ್’ ಅನ್ನು ನೋಡಬಹುದು. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಸೇರಿ ರೂಪಿಸಿದ ಇದು 2023ರಲ್ಲಿ ರಾಜ್ಯದ ಕೆಲವು ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಕ್ಕೆ ಬಂತು. ತರಗತಿ, ಮಾಧ್ಯಮ, ಪಾಠ ಯಾವುದೆಂದು ಹೇಳಿದರೆ ರಾಜ್ಯದ ಪಠ್ಯಕ್ರಮವನ್ನೇ ಆಧರಿಸಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪಾಠಯೋಜನೆ ಕೊಡುತ್ತದೆ. ಶಿಕ್ಷಕರು ಅದನ್ನು ಬದಲಿಸಿಕೊಳ್ಳಬಹುದು. ಮುಂದೆ ಸಾವಿರಕ್ಕೂ ಹೆಚ್ಚು ಶಿಕ್ಷಕರ ನಡುವೆ ನಡೆದ ಅಧ್ಯಯನದಲ್ಲಿ ಬರವಣಿಗೆಯ ಹೊರೆ ಇಳಿದದ್ದು, ಚಟುವಟಿಕೆ ಆಧಾರಿತ ಪಾಠದ ಕಡೆ ಒಲವು ಹೆಚ್ಚಿದ್ದು ಕಂಡಿತು. ಜೊತೆಗೆ ಶಿಕ್ಷಕರ ಕೊರತೆ, ಕಚೇರಿ ಕೆಲಸದ ಒತ್ತಡ ಹಾಗೇ ಇರುವಲ್ಲಿ ತರಗತಿ ಬಹಳ ಬದಲಾಗದು ಎಂಬುದೂ ಕಂಡಿತು.

ಈ ಎರಡನೆಯ ಮಾತನ್ನು ಕಾಫಿ ಸೀಮೆಯಲ್ಲಿ ನಿಂತು ಓದಿಕೊಳ್ಳಬೇಕು. ಎಸ್ಟೇಟಿನ ಲೈನ್ ಮನೆಗಳಿಂದ ಬರುವ ಮಕ್ಕಳಲ್ಲಿ ಮನೆಯೊಳಗೆ ತಮಿಳು, ತುಳು ಆಡುವವರಿದ್ದಾರೆ. ಈಚೆಗೆ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಕೊಯ್ಲಿನ ಕಾಲಕ್ಕೆ ಬಂದ ಮಗು ಕೊಯ್ಲು ಮುಗಿದ ಮೇಲೆ ಎಲ್ಲಿರುತ್ತದೋ. ಜುಲೈ ಮಳೆಗೆ ಶಾಲೆಗೆ ರಜೆ, ಕರೆಂಟು ಇಲ್ಲ, ನೆಟ್‌ವರ್ಕ್ ಗುಡ್ಡ ಹತ್ತಿದರೆ ಮಾತ್ರ. ಎಐ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರಬಲ್ಲದು: ಒಂದೇ ಪಾಠವನ್ನು ಮೂರು ತರಗತಿಗೆ ಮೂರು ಹಂತದಲ್ಲಿ ಹಂಚಿಕೊಡಲು, ಕನ್ನಡ ಬಾರದ ಮಗುವಿಗೆ ಅದರ ಮಾತಿನಲ್ಲೇ ನಾಲ್ಕು ಪದ ಹುಡುಕಲು. ಆದರೆ ಆ ಮಗು ಇವತ್ತು ಯಾಕೆ ಸುಮ್ಮನೆ ಕೂತಿದೆ ಎನ್ನುವುದು ಅದಕ್ಕೆ ತಿಳಿಯದು.

ಅಪಾಯ ಇರುವುದು ಯಂತ್ರ ತಪ್ಪು ಹೇಳುವುದರಲ್ಲಿ ಮಾತ್ರವಲ್ಲ. ಪಾಠಯೋಜನೆ ಬರೆದು ಮೇಲಿನವರಿಗೆ ತೋರಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಯಂತ್ರ ಬರೆದ ಅಚ್ಚುಕಟ್ಟಾದ ಹಾಳೆ ಕಡತ ಸೇರಿ, ತರಗತಿ ಇದ್ದಲ್ಲೇ ಇದ್ದುಬಿಡಬಹುದು. ಉಳಿದ ಒಂದು ಗಂಟೆಯನ್ನು ಇನ್ನೊಂದು ಸಮೀಕ್ಷೆಯೋ ಆನ್‌ಲೈನ್ ಭರ್ತಿಯೋ ನುಂಗಿದರೆ ಶಿಕ್ಷಕರಿಗೆ ಸಿಕ್ಕಿದ್ದೇನು?

ಮೂಡಿಗೆರೆಯಲ್ಲೇ ಬದುಕಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ಅದರಲ್ಲಿ ಊರು ದಡ್ಡನೆಂದು ಕೈಬಿಟ್ಟ ಮಂದಣ್ಣನ ತಿಳಿವನ್ನು ಗುರುತಿಸುವವರು ವಿಜ್ಞಾನಿ ಕರ್ವಾಲೊ. ಪುಸ್ತಕದಲ್ಲಿಲ್ಲದ ತಿಳಿವನ್ನು ವಿಜ್ಞಾನಕ್ಕೆ ಸೇರಿಸಲು ಕಿವಿಗೊಡುವ ಒಬ್ಬರು ಬೇಕಾದರು. ತರಗತಿಯಲ್ಲಿ ಆ ಕೆಲಸ ಶಿಕ್ಷಕರದು.

ಹಾಗಾಗಿ ಎಐ ಬಳಕೆಗೆ ನೆರವು ಎಂದರೆ ಎರಡು ದಿನದ ತರಬೇತಿ, ಒಂದು ಪ್ರಮಾಣಪತ್ರ ಅಷ್ಟೇ ಆಗಬಾರದು. ಯಂತ್ರ ಕೊಟ್ಟದ್ದನ್ನು ಹೊಡೆದುಹಾಕುವ ಅಧಿಕಾರ ಬೇಕು. ತಿದ್ದಲು ಶಾಲಾ ಅವಧಿಯಲ್ಲೇ ಸಮಯ ಬೇಕು. ತಿದ್ದಿದ್ದು ಒಬ್ಬರ ಫೋನಿನಲ್ಲೇ ಉಳಿಯದೆ ಸುತ್ತಲಿನ ಶಾಲೆಗಳಿಗೂ ಹೋಗುವ ದಾರಿ ಬೇಕು. ಮಾವಿನಹಣ್ಣಿನ ಲೆಕ್ಕ ತೆಗೆದು ಮೂಡಿಗೆರೆಯ ಟೀಚರೊಬ್ಬರು ಓಟಿ ಲೆಕ್ಕ ಹಾಕಿದರೆ, ಮರುದಿನ ಅದು ಕಳಸಕ್ಕೂ ಕೊಪ್ಪಕ್ಕೂ ಸಿಗುವಂತಿರಬೇಕು. ಹಳೆಯ ರೇಡಿಯೋ ಬಿಟ್ಟುಕೊಟ್ಟಷ್ಟು ಜಾಗವನ್ನಾದರೂ ಹೊಸ ಯಂತ್ರ ಶಿಕ್ಷಕರಿಗೆ ಬಿಡಲಿ.