ತರುವ ಕಾಲುವೆ, ಒಯ್ಯುವ ಕಾಲುವೆ: ಮೆಣಸಗಿ ಸೀಮೆಯ ನೀರಿನ ಇತಿಹಾಸ

ಗದಗ ಜಿಲ್ಲೆಯ ರೋಣ ತಾಲೂಕಿನ ಮೆಣಸಗಿಯು ಮಲಪ್ರಭೆಯ ಬಲದಂಡೆಯ ಊರು. ಶಿಗ್ಗಾವಿ ತಾಲೂಕಿನ ದುಂಡಶಿಯ ಕಡೆ ಹುಟ್ಟಿ, ನವಲಗುಂದ, ನರಗುಂದ ಮತ್ತು ರೋಣ ಸೀಮೆಯ ಕರಿನೆಲದ ನೀರನ್ನು ಕೂಡಿಸಿಕೊಂಡು ಬರುವ ಬೆಣ್ಣಿಹಳ್ಳವು ಈ ಊರಿನ ಸಮೀಪದಲ್ಲಿಯೇ ಹೊಳೆಯನ್ನು ಸೇರುತ್ತದೆ. ಕಳೆದ ಐವತ್ತು ವರ್ಷಗಳಲ್ಲಿ ಈ ಪ್ರದೇಶದ ಬಗ್ಗೆ ನಡೆದ ಚರ್ಚೆಯೆಲ್ಲ ಹೊಲಕ್ಕೆ ನೀರು ತರುವ ಕಾಲುವೆಗಳ ಕುರಿತದ್ದಾದರೂ, ಮೆಣಸಗಿಯ ನೆಲೆಯು ನೀರಿನ ಇನ್ನೊಂದು ದಾರಿಯನ್ನು, ಎಂದರೆ ಹೆಚ್ಚಾದ ನೀರು ಬಸಿದು ಹೊರಹೋಗುವ ದಾರಿಯನ್ನು ತೋರಿಸುತ್ತದೆ. ಕಾಲುವೆಗೆ ಈ ಎರಡೂ ಕೆಲಸಗಳಿವೆ. ಮಲಪ್ರಭೆಯ ಬಲದಂಡೆಯಲ್ಲಿ ಮೊದಲನೆಯದಕ್ಕೆ ಸಿಕ್ಕ ಗಮನವು ಎರಡನೆಯದಕ್ಕೆ ಸಿಗದೆ ಹೋದದ್ದು ಇಲ್ಲಿನ ಇತಿಹಾಸದ ದೊಡ್ಡ ಭಾಗವನ್ನು ವಿವರಿಸುತ್ತದೆ.

ಅಣೆಕಟ್ಟು ಬರುವ ಮೊದಲು ಈ ಸೀಮೆಯ ಒಕ್ಕಲುತನವು ಹಿಂಗಾರಿಯನ್ನು, ಅಂದರೆ ಮಳೆಗಾಲದ ಕೊನೆಗೆ ಬಿತ್ತಿ ಚಳಿಗಾಲದಲ್ಲಿ ಬೆಳೆಸುವ ಪೈರನ್ನು ನಂಬಿಕೊಂಡಿತ್ತು. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆ ಬೀಳುವ ಈ ಭಾಗದಲ್ಲಿ ಎರೆ ಎಂದು ಕರೆಯುವ ಕಪ್ಪುಮಣ್ಣು ನೀರಿನ ಹಗೇವಿನಂತೆ ಕೆಲಸ ಮಾಡುತ್ತದೆ. ಜೇಡಿಯ ಅಂಶ ಹೆಚ್ಚಿರುವ ಈ ಮಣ್ಣು ಹಸಿಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ ಆಳವಾಗಿ ಬಿರುಕು ಬಿಡುವುದರಿಂದ, ಬಿರುಕಿನ ಮೂಲಕ ತೇವ ಆರಿಹೋಗದಂತೆ ರೈತರು ಸಾಲುಗಳ ನಡುವೆ ಮತ್ತೆಮತ್ತೆ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲವಾಗಿ ಇಡುತ್ತಿದ್ದರು. ಮಳೆಯ ನೀರು ಹೊಲದಲ್ಲಿಯೇ ಇಂಗಲೆಂದು ಒಡ್ಡು ಹಾಕುವುದು, ಒಡ್ಡು ಒಡೆಯದಂತೆ ಹೆಚ್ಚಿನ ನೀರನ್ನು ಹಳ್ಳಕ್ಕೆ ಬಿಡುವುದು ಇವೆರಡೂ ಒಂದೇ ಬೇಸಾಯ ಕ್ರಮದ ಭಾಗಗಳಾಗಿದ್ದವು. ಹೀಗೆ ಉಳಿಸಿದ ತೇವ ಮತ್ತು ಚಳಿಗಾಲದ ಇಬ್ಬನಿಯ ಬಲದ ಮೇಲೆ ಬಿಳಿಜೋಳ, ಕಡಲೆ, ಗೋಧಿ, ಕುಸುಬಿ ಮತ್ತು ಹತ್ತಿ ಬೆಳೆಯುತ್ತಿದ್ದವು.

ಈ ಕೃಷಿಕ್ರಮವು ತನ್ನದೇ ಆದ ಚಳಿಗಾಲದ ವಿಹಾರವನ್ನೂ ರೂಪಿಸಿತ್ತು. ಮಾರ್ಗಶಿರದ ಕೊನೆಗೆ ಬರುವ ಎಳ್ಳಮಾಸಿಯಂದು ಮನೆಮಂದಿಯೆಲ್ಲ ಸವಾರಿ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಪದ್ಧತಿಯಿದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಅವುಗಳನ್ನು ಪಾಂಡವರೆಂದು ಪೂಜಿಸಿದ ಬಳಿಕ, ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಎಣ್ಣಿಗಾಯಿ, ಪುಂಡಿಪಲ್ಯ ಮೊದಲಾದವುಗಳಲ್ಲಿ ಒಂದು ಪಾಲನ್ನು ಹೊಲದ ಸುತ್ತ ಎರಚುವುದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಬೆಳೆಯನ್ನು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ ಅವಳ ಬಯಕೆ ತೀರಿಸುವ ಈ ಆಚರಣೆಯ ಹೊತ್ತಿಗೆ ಜೋಳ ತೆನೆಗಟ್ಟುತ್ತಿರುತ್ತದೆ. ಕೆಲವೇ ವಾರಗಳಲ್ಲಿ ಬರುವ ಸಂಕ್ರಾಂತಿಯಂದು ಜನರು ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊಳೆಯ ದಂಡೆಗೆ ಹೋಗಿ ಮಿಂದು ಉಂಡು ಬರುತ್ತಾರೆ. ಹಳೆಯ ಪಂಚಾಂಗದಲ್ಲಿ ನೀರನ್ನು ನೋಡಲು ಜನರೇ ಹೊಳೆಗೆ ಹೋಗಬೇಕಿತ್ತು. ಚಳಿಗಾಲದಲ್ಲಿ ಹೊಲಕ್ಕೆ ನೀರು ತಾನಾಗಿ ಬರುವ ಕಲ್ಪನೆ ಅದರಲ್ಲಿರಲಿಲ್ಲ.

ಬ್ರಿಟಿಷರ ಆಡಳಿತವು ಈ ನೆಲವನ್ನು ಕಂಡದ್ದು ಮುಖ್ಯವಾಗಿ ಹತ್ತಿಯ ನೆಲವೆಂದು. 19ನೆಯ ಶತಮಾನದ ನಡುಭಾಗದಲ್ಲಿ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸುವ ಪ್ರಯತ್ನಗಳು ನಡೆದವು; 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧವು ಇಲ್ಲಿನ ಅರಳೆಯ ಬೆಲೆಯನ್ನು ಒಮ್ಮೆಲೇ ಏರಿಸಿತು; 1884ರಲ್ಲಿ ಹೋಟಗಿ ಮತ್ತು ಗದಗದ ನಡುವಿನ ರೈಲುಮಾರ್ಗ ತೆರೆದ ಮೇಲೆ ಹೊಳೆಆಲೂರಿನಂಥ ಹೊಳೆದಂಡೆಯ ಊರುಗಳಿಗೂ ದೂರದ ಪೇಟೆಯ ಸಂಪರ್ಕ ದೊರೆಯಿತು. ಇದರ ನಡುವೆ, 1876ರಿಂದ 1878ರವರೆಗಿನ ಮಹಾಕ್ಷಾಮವು ಮಳೆ ಕೈಕೊಟ್ಟರೆ ಎರೆಯ ತೇವವೊಂದೇ ಸಾಲದೆಂಬುದನ್ನು ಕ್ರೂರವಾಗಿ ತೋರಿಸಿಕೊಟ್ಟಿತ್ತು. ನೀರಾವರಿಯ ಬೇಡಿಕೆಗೆ ಈ ನೆನಪಿನ ಬಲವೂ ಇತ್ತು.

ಕಾಲುವೆಯ ಎರಡನೆಯ ಕೆಲಸವನ್ನು ಮೊದಲು ಕಲಿತ ನಾಡುಗಳಲ್ಲಿ ಹಾಲೆಂಡ್ ಪ್ರಸಿದ್ಧವಾದುದು. ಚಳಿಗಾಲದಲ್ಲಿ ಆಮ್‌ಸ್ಟರ್‌ಡ್ಯಾಮ್ ನೋಡಲು ಹೋಗುವ ಇಂದಿನ ಪ್ರವಾಸಿಯು, ಸಂಜೆ ನಾಲ್ಕೂವರೆಯ ಸುಮಾರಿಗೇ ಕತ್ತಲಾಗುವ ಡಿಸೆಂಬರಿನಲ್ಲಿ, 2012ರಿಂದ ನಡೆಯುತ್ತಿರುವ ದೀಪೋತ್ಸವದ ಬೆಳಕು ಬಿದ್ದ ಕಾಲುವೆಗಳನ್ನು ದೋಣಿಯಲ್ಲಿ ಸುತ್ತುತ್ತಾನೆ. ಆದರೆ ಆ ಕಾಲುವೆಗಳು ಅಲಂಕಾರಕ್ಕಾಗಿ ಹುಟ್ಟಿದವುಗಳಲ್ಲ. ಆಮ್‌ಸ್ಟೆಲ್ ನದಿಗೆ ಕಟ್ಟಿದ ಒಡ್ಡಿನ ಬಳಿ ಬೆಳೆದ ಆ ಊರು 1613ರಿಂದ ಅರ್ಧಚಂದ್ರಾಕಾರದ ಕಾಲುವೆಗಳ ಸಾಲನ್ನು ತೋಡಿಸಿದ್ದು, ಜೌಗುನೆಲದ ನೀರನ್ನು ಹೊರಗೆ ಹಾಕಿ, ಆ ನೆಲವನ್ನು ಮಣ್ಣು ತುಂಬಿ ಎತ್ತರಿಸಿ, ಮರದ ಕಂಬಗಳನ್ನು ಆಳದ ಮರಳಿನ ಪದರದವರೆಗೆ ಇಳಿಸಿ ಮನೆ ಕಟ್ಟುವುದಕ್ಕಾಗಿ ಮತ್ತು ಸರಕಿನ ದೋಣಿಗಳನ್ನು ಮನೆಬಾಗಿಲಿಗೆ ತರುವುದಕ್ಕಾಗಿ. 2010ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಕಾಲುವೆಗಳ ನೀರಿನ ಮಟ್ಟವನ್ನು ಇಂದಿಗೂ ತೂಬುಬಾಗಿಲುಗಳಿಂದ ಹಿಡಿತದಲ್ಲಿಡಲಾಗುತ್ತದೆ. ಅಲ್ಲಿನ ಹಳ್ಳಿಗಾಡಿನಲ್ಲಿ 13ನೆಯ ಶತಮಾನದಷ್ಟು ಹಿಂದೆಯೇ ಜಲಮಂಡಳಿಗಳು ರೂಪುಗೊಂಡಿದ್ದವು. ಒಡ್ಡು ಮತ್ತು ಕಾಲುವೆಗಳ ಪ್ರಯೋಜನ ಪಡೆಯುವವರು ಕರ ಕೊಡಬೇಕು, ಕರ ಕೊಡುವವರಿಗೆ ಆಡಳಿತದಲ್ಲಿ ಮಾತಿರಬೇಕು ಎಂಬುದು ಅವುಗಳ ತತ್ತ್ವ. ನೀರು ಬಸಿಯುವ ವ್ಯವಸ್ಥೆ ಮತ್ತು ಕರದೊಂದಿಗೆ ಬರುವ ಅಧಿಕಾರ, ಈ ಎರಡು ಅಂಶಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಲಪ್ರಭೆಯ ಕಥೆ ಹೆಚ್ಚು ಸ್ಪಷ್ಟವಾಗುತ್ತದೆ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟುವ ಕೆಲಸ 1960ರ ದಶಕದಲ್ಲಿ ನಡೆದು, 1970ರ ದಶಕದ ಮೊದಲ ಭಾಗದಲ್ಲಿ ರೇಣುಕಾಸಾಗರದಲ್ಲಿ ನೀರು ನಿಂತಿತು. ಈ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಬಲದಂಡೆ ಕಾಲುವೆ ಮತ್ತು ನರಗುಂದ ಶಾಖಾ ಕಾಲುವೆಗಳು ನವಲಗುಂದ, ನರಗುಂದ ಮತ್ತು ರೋಣದ ಕಡೆಗೆ ನೀರು ಒಯ್ಯುವಂತೆ ಯೋಜನೆಯಾಯಿತು. ಇದೇ ಕಾಲದಲ್ಲಿ, 1972ರಲ್ಲಿ, ಧಾರವಾಡದ ಸಂಶೋಧನೆಯಿಂದ ವರಲಕ್ಷ್ಮಿ ಎಂಬ ಸಂಕರಣ ಹತ್ತಿ ಹೊರಬಂದಿತು. ಮಳೆಯಾಶ್ರಯದ ಹಳೆಯ ಹತ್ತಿಗಿಂತ ಹೆಚ್ಚು ಇಳುವರಿ ಕೊಡುತ್ತಿದ್ದ, ಆದರೆ ನೀರು, ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳಿಗೆ ಹೆಚ್ಚು ಖರ್ಚು ಬೇಡುತ್ತಿದ್ದ ಈ ತಳಿಯನ್ನು ನಂಬಿ ರೈತರು ಸಾಲ ಮಾಡಿದರು. ಆ ದಶಕದ ಕೊನೆಗೆ ಅದರ ಬೆಲೆ ಕುಸಿಯಿತು.

ಬೆಲೆಯ ಜೊತೆಗೆ ಮಣ್ಣೂ ಕೈಕೊಡಲಾರಂಭಿಸಿತು. ನೀರನ್ನು ಹಿಡಿದಿಡುವ ಎರೆಯ ಗುಣವೇ ಕಾಲುವೆಯ ನೀರು ಬಂದಾಗ ದೋಷವಾಗಿ ಪರಿಣಮಿಸಿತು. ಹೆಚ್ಚಾಗಿ ಹರಿಸಿದ ನೀರು ಬೇಗ ಇಂಗದೆ, ಬಸಿದು ಹೋಗಲು ದಾರಿಯೂ ಇಲ್ಲದೆ ಬೇರಿನ ಬುಡದಲ್ಲಿ ನಿಂತಿತು. ಆ ನೀರು ಆರುವಾಗ ಮಣ್ಣಿನೊಳಗಿನ ಲವಣಗಳು ಮೇಲೇರಿ ಬೆಳ್ಳಗೆ ಕಟ್ಟಿಕೊಂಡವು. ಲವಣ ಕೂಡಿದ ನೆಲವನ್ನು ಸವಳು ಎಂದೂ ನೀರು ನಿಂತು ಜೌಗಾದ ನೆಲವನ್ನು ಜವಳು ಎಂದೂ ರೈತರು ಗುರುತಿಸುತ್ತಾರೆ. ಇಂಥ ನೆಲದಿಂದ ಹೆಚ್ಚಿನ ನೀರನ್ನು ಹೊರಗೆ ಒಯ್ಯುವ ತೋಡಿಗೆ ಬಸಿಗಾಲುವೆ ಎಂದು ಹೆಸರು. ನೀರು ತರುವ ಕಾಲುವೆಗಳೊಂದಿಗೆ ಬಸಿಗಾಲುವೆಗಳನ್ನೂ ಅಷ್ಟೇ ಮುತುವರ್ಜಿಯಿಂದ ತೋಡಬೇಕಿತ್ತು. ಅದು ಆಗದ ಕಡೆಗಳಲ್ಲಿ ಜೋಳ ಬೆಳೆಯುತ್ತಿದ್ದ ಹೊಲವೂ ಬೀಳುಬಿತ್ತು.

ಈ ಹಿನ್ನೆಲೆಯಲ್ಲಿ ಬಂದದ್ದು ಬೆಟರ್‌ಮೆಂಟ್ ಲೆವಿ. ನೀರಾವರಿಯಿಂದ ಜಮೀನಿನ ಬೆಲೆ ಹೆಚ್ಚುತ್ತದೆಂಬ ತರ್ಕದ ಮೇಲೆ, ಆ ಹೆಚ್ಚಳದ ಒಂದು ಪಾಲನ್ನು ಸರ್ಕಾರಕ್ಕೆ ಕೊಡಬೇಕೆಂದು ವಿಧಿಸುವ ಈ ಅಭಿವೃದ್ಧಿ ಕರಕ್ಕೆ 1957ರ ಕಾಯಿದೆಯ ಆಧಾರವಿತ್ತು. ಕಾಲುವೆ ಪೂರ್ತಿಯಾಗದ, ನೀರು ತಲುಪದ ಅಥವಾ ನೀರು ಬಂದು ಸವಳಾದ ಹೊಲಗಳವರಿಗೂ ಕರದ ಬೇಡಿಕೆ ಬಂದಾಗ, ಅಭಿವೃದ್ಧಿ ಎಲ್ಲಿ ಆಯಿತೆಂಬ ಪ್ರಶ್ನೆ ಎದ್ದಿತು. ಮಲಪ್ರಭಾ ನೀರಾವರಿ ಪ್ರದೇಶದ ರೈತರ ಸಮನ್ವಯ ಸಮಿತಿಯು ನಡೆಸಿದ ಹೋರಾಟ 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಹಿಂಸೆಗೆ ತಿರುಗಿತು; ಪೊಲೀಸರ ಗುಂಡಿಗೆ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಮತ್ತು ಅಳಗವಾಡಿಯ ಬಸಪ್ಪ ಲಕ್ಕುಂಡಿ ಬಲಿಯಾದರು, ನರಗುಂದದಲ್ಲಿ ಪೊಲೀಸರೂ ಸತ್ತರು. ರಾಜ್ಯದುದ್ದಕ್ಕೂ ಹಬ್ಬಿದ ಪ್ರತಿಭಟನೆಯ ಅಲೆಯಲ್ಲಿ ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಗುಂಡೂರಾಯರ ಸರ್ಕಾರ 1983ರ ಚುನಾವಣೆಯಲ್ಲಿ ಸೋತದ್ದಕ್ಕೆ ಈ ಘಟನೆಯನ್ನೂ ಒಂದು ಕಾರಣವೆಂದು ಹೇಳಲಾಗುತ್ತದೆ. ಹುತಾತ್ಮ ರೈತರ ವೀರಗಲ್ಲಿನ ಮುಂದೆ ಪ್ರತಿ ಜುಲೈ 21ರಂದು ಜನ ಸೇರುತ್ತಾರೆ.

ಈ ಹೋರಾಟವನ್ನು ಕರ ನಿರಾಕರಣೆಯೆಂದಷ್ಟೇ ಓದುವುದು ಸಾಲದು. ಹಾಲೆಂಡಿನ ಜಲಮಂಡಳಿಗಳೂ ಕರ ಎತ್ತಿದವು. ಅಲ್ಲಿ ಕರ ಕೊಡುವವನು ಕಾಲುವೆಯ ಆಡಳಿತದಲ್ಲಿ ಪಾಲುಗಾರನಾಗಿದ್ದ, ಇಲ್ಲಿ ನೋಟೀಸು ಬಂದ ಮೇಲೆ ಮಾತ್ರ ರೈತನಿಗೂ ಕಾಲುವೆಗೂ ಕಾಗದದ ಸಂಬಂಧ ಏರ್ಪಟ್ಟಿತು. ಮುಂದೆ 2000ದಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅವಕಾಶ ದೊರೆತದ್ದು ಆ ಕೊರತೆಯನ್ನು ತಡವಾಗಿ ಒಪ್ಪಿಕೊಂಡಂತಾಯಿತು.

ಇತ್ತೀಚಿನ ದಶಕಗಳಲ್ಲಿ ಕೊರತೆ ಮತ್ತು ನೆರೆ ಒಂದೇ ಸೀಮೆಯನ್ನು ಸರದಿಯಂತೆ ಕಾಡಿವೆ. ಜಲಾಶಯ ತುಂಬದ ವರ್ಷಗಳಲ್ಲಿ ಹಿಂಗಾರಿಗೆ ಕಾಲುವೆಯ ನೀರು ಕೊನೆಯ ಹೊಲಗಳನ್ನು ಮುಟ್ಟುವುದಿಲ್ಲ. ಮಹದಾಯಿ ಕೊಳ್ಳದ ಕಳಸಾ ಮತ್ತು ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನರಗುಂದದಲ್ಲಿ 2015ರ ಜುಲೈಯಿಂದ ನಡೆದ ದೀರ್ಘ ಧರಣಿಯ ಹಿಂದಿರುವುದು ಇದೇ ಸಂಕಟ. 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಾಧಿಕರಣವು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ನೀರನ್ನು ಹಂಚಿ, ಅದರಲ್ಲಿ 3.9 ಟಿಎಂಸಿಯನ್ನು ಕಳಸಾ ಬಂಡೂರಿಯ ಮೂಲಕ ಕುಡಿಯುವ ಉದ್ದೇಶಕ್ಕೆ ಗೊತ್ತುಮಾಡಿತು. ಆದರೆ ಅದರ ಮರುವರ್ಷವೇ, 2009ರಲ್ಲಿ ಆದಂತೆ, ಹೊಳೆ ಉಕ್ಕಿ ಮೆಣಸಗಿ ಮತ್ತು ಹೊಳೆಆಲೂರು ಭಾಗದ ಹಳ್ಳಿಗಳಿಗೆ ನೀರು ನುಗ್ಗಿತು. ನವಿಲುತೀರ್ಥದಿಂದ ಬಿಟ್ಟ ನೀರಿನಿಂದ ಹೊಳೆ ತುಂಬಿರುವಾಗ ಬೆಣ್ಣಿಹಳ್ಳವೂ ತುಂಬಿ ಬಂದರೆ, ಹಳ್ಳದ ನೀರಿಗೆ ಹೋಗುವ ದಾರಿ ಸಿಗದೆ ಅದು ಊರು ಮತ್ತು ಹೊಲಗಳ ಮೇಲೆ ಹರಡುತ್ತದೆ.

ಆದ್ದರಿಂದ ಮಲಪ್ರಭೆಯ ನೀರಾವರಿಯನ್ನು ಅಳೆಯುವಾಗ ಜಲಾಶಯದಲ್ಲಿ ಎಷ್ಟು ಟಿಎಂಸಿ ಇದೆ ಎಂಬ ಲೆಕ್ಕವು ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ಒಡ್ಡಿನಲ್ಲಿ ನೀರು ನಿಲ್ಲಿಸಿ ಹೆಚ್ಚಾದದ್ದನ್ನು ಹಳ್ಳಕ್ಕೆ ಬಿಡುತ್ತಿದ್ದ ಹಳೆಯ ಹಿಂಗಾರಿ ಬೇಸಾಯವು ತರುವ ನೀರು ಮತ್ತು ಒಯ್ಯುವ ನೀರು ಎರಡನ್ನೂ ಒಂದೇ ಕೈಯಲ್ಲಿ ಇಟ್ಟುಕೊಂಡಿತ್ತು. ದೊಡ್ಡ ಯೋಜನೆಯು ಮೊದಲನೆಯದನ್ನು ಸರ್ಕಾರದ ಕೈಗೆ ಒಪ್ಪಿಸಿ ಎರಡನೆಯದನ್ನು ಹಳ್ಳದ ಪಾಲಿಗೆ ಬಿಟ್ಟಿತು. ಮಹದಾಯಿಯ ನೀರು ನಾಳೆ ಬಂದರೂ ಅದರ ಪ್ರಯೋಜನ ನಿಲ್ಲುವುದು ಹೊಲಗಳ ಬಸಿಗಾಲುವೆಗಳು, ಬೆಣ್ಣಿಹಳ್ಳದ ಪಾತ್ರ ಮತ್ತು ನೀರಿನ ಸರದಿಯನ್ನು ಗೊತ್ತುಮಾಡುವಲ್ಲಿ ರೈತರಿಗಿರುವ ಮಾತು, ಈ ಮೂರೂ ಸರಿಹೋದಾಗ ಮಾತ್ರ.